ವಿಷವನ್ನುಣ್ಣುವ ಜೀವಾಣುಗಳು

ಮರಗೆಣಸನ್ನು ಹಸಿಯಾಗಿ ತಿನ್ನಬಾರದು, ಬೇಯಿಸಿದ ನೀರನ್ನು ಚೆಲ್ಲಬೇಕು ಎಂಬುದನ್ನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆಯ ನಾವೆಲ್ಲರೂ ಬಲ್ಲೆವು. ಅದರಲ್ಲಿ ಹುಟ್ಟುವ ಸೈನೈಡ್ ವಿಷವೇ ಗಣಿಗಳಲ್ಲಿ ಅದಿರಿನಿಂದ ಚಿನ್ನವನ್ನು ಕರಗಿಸಿ ತೆಗೆಯುವ ಸಾಧನ. 2001ರಲ್ಲಿ ಮುಚ್ಚಿದ ಕೋಲಾರದ ಗಣಿಗಳ ಬಳಿ ಸೈನೈಡ್ ದಿಬ್ಬಗಳು ಇಂದಿಗೂ ನಿಂತಿವೆ. ಗಣಿಯ ಇಂತಹ ವಿಷಜಲವನ್ನು ಶುದ್ಧಿಗೊಳಿಸುವುದೆಂತು?

ಅಮೆರಿಕದ ಚಳಿಸೀಮೆಯಾದ ದಕ್ಷಿಣ ಡಕೋಟದ ಹೋಮ್‌ಸ್ಟೇಕ್ ಗಣಿಯಲ್ಲಿ 1984ರಿಂದ ಈ ಕೆಲಸವನ್ನು ಬ್ಯಾಕ್ಟೀರಿಯಗಳಿಗೆ ವಹಿಸಿದರು. ನೀರಿನಲ್ಲಿ ಅರೆಮುಳುಗಿ ಮೆಲ್ಲನೆ ತಿರುಗುವ ತಟ್ಟೆಗಳ ಮೇಲೆ ಅವು ಲೋಳೆಯಂತೆ ಬೆಳೆದು ಸೈನೈಡನ್ನು ಒಡೆಯುತ್ತಿದ್ದವು. ಆಗ ಹುಟ್ಟಿದ ಅಮೋನಿಯವನ್ನು ಬೇರೆ ಬ್ಯಾಕ್ಟೀರಿಯಗಳು ನೈಟ್ರೇಟಾಗಿ ಮಾರ್ಪಡಿಸುತ್ತಿದ್ದವು. ಚಳಿಯಲ್ಲಿ ಜೀವಾಣುಗಳ ಕೆಲಸ ಮಂದವಾಗುತ್ತದೆ. ಆದುದರಿಂದ ಗಣಿಯಾಳದ ಬೆಚ್ಚನೆಯ ನೀರನ್ನು ಬೆರೆಸುತ್ತಿದ್ದರು.

ನಮ್ಮ ನಾಡಿನಲ್ಲಿ ಆ ಬೆಚ್ಚನೆಯನ್ನು ಬಿಸಿಲೇ ಕೊಡುತ್ತದೆ. ಬೇಕಾದುದು ಜೀವಾಣುಗಳನ್ನು ಸಾಕುವ ಮನಸ್ಸು.