ಕರೆಂಟು ಹೋಗಿತ್ತೇನೋ?

ಪತ್ರಿಕೆಯ ಪುಟ, ಪುಸ್ತಕದ ಮುಖಪುಟ ಮಾಡುವ ಡಿಸೈನರುಗಳು ದುಡ್ಡು ಕೊಟ್ಟು ಇಳಿಸಿಕೊಳ್ಳುವ ಸ್ಟಾಕ್ ಫೋಟೊ ತೆಗೆಯುವುದು ನನ್ನ ಕಸುಬು. ಅದರಲ್ಲೂ ಮಬ್ಬು ಬೆಳಕಿನ, ಮಳೆಗಾಲದ ಮಧ್ಯಾಹ್ನದಂಥ ಚಿತ್ರಗಳು. ಸಾಗರದ ಹಳೆ ಮನೆಯಲ್ಲಿ ತೆಗೆದ ಮೊದಲ ಕಂತನ್ನು ಅಮ್ಮನಿಗೆ ತೋರಿಸಿದಾಗ ಅವಳು ಕೇಳಿದ್ದು: "ಕರೆಂಟು ಹೋಗಿತ್ತೇನೋ? ಲೈಟಾದರೂ ಹಾಕ್ಕೋಬಾರದಿತ್ತಾ?" ವಾರದ ನಂತರ, ಇಂಥ ಚಿತ್ರ ಮಾರಿಕೊಡುವ ಸ್ಟಾಕ್ ಏಜೆನ್ಸಿಯವರೂ ಅದನ್ನೇ ಹೇಳಿ ಮೂವತ್ತಕ್ಕೆ ಇಪ್ಪತ್ತೇಳು ಚಿತ್ರ ವಾಪಸು ಕಳಿಸಿದರು.

1. ಕತ್ತಲೆಗೂ ಬೆಳಕು ಬೇಕು

ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾದೊಳಗೆ ಬೀಳುವ ಬೆಳಕನ್ನು, ಎರಡು ಸ್ಟಾಪ್ ಇಳಿಸಿದರೆ ಚಿತ್ರಕ್ಕೊಂದು ಗಾಂಭೀರ್ಯ ಬರುತ್ತದೆ ಅಂದುಕೊಂಡಿದ್ದೆ. ಆಮೇಲೆ ಕಂಪ್ಯೂಟರಿನಲ್ಲಿ ನೆರಳನ್ನು ಸ್ವಲ್ಪ ಎತ್ತಿದೆನೋ ಇಲ್ಲವೋ, ಹಿತ್ತಾಳೆ ಚೊಂಬಿನ ಸುತ್ತ ಯಾರೋ ಬಣ್ಣದ ರಾಗಿ ಚೆಲ್ಲಿದ ಹಾಗೆ ನಾಯ್ಸ್. ಈಗ ರಾ ಫೈಲಿನಲ್ಲಿ ಆದಷ್ಟು ಬೆಳಕಾಗಿಯೇ ತೆಗೆಯುತ್ತೇನೆ. ಚೊಂಬಿನ ಅಂಚಿನ ಹೊಳಪು ಸುಟ್ಟು ಬಿಳಿಯಾಗದಿದ್ದರೆ ಸಾಕು. ಕತ್ತಲು ಮಾಡುವುದು ಎಡಿಟಿಂಗಿನಲ್ಲಿ.

2. ಬೆಳಕು ತರುವುದಕ್ಕಿಂತ ತಡೆಯುವುದು ಕಷ್ಟ

ಸಾಲ ಮಾಡಿ ಎರಡು ಎಲ್‌ಇಡಿ ದೀಪ ಕೊಂಡೆ. ಸುಣ್ಣ ಬಳಿದ ಗೋಡೆಗಳು ಆ ಬೆಳಕನ್ನೆಲ್ಲ ತಿರುಗಿಸಿ ಚೆಲ್ಲಿ ಪಡಸಾಲೆಯನ್ನು ಮದುವೆಮನೆ ಮಾಡಿಬಿಟ್ಟವು. ಕೊನೆಗೆ ಕೆಲಸಕ್ಕೆ ಬಂದದ್ದು ಅಟ್ಟದ ಮೇಲಿದ್ದ ಕರಿಕಂಬಳಿ. ಒಂದು ಕಿಟಕಿ ಮಾತ್ರ ತೆರೆದು, ವಸ್ತುವಿನ ಆಚೆ ಪಕ್ಕ, ಕಿಟಕಿಗೆ ಎದುರಾಗಿ ಕಂಬಳಿ ಇಳಿಬಿಟ್ಟರೆ ನೆರಳಿಗೆ ಆಳ ಬರುತ್ತದೆ. ಟ್ಯೂಬ್‌ಲೈಟು ಆರಿಸಲು ಮರೆತು ಒಂದು ಇಡೀ ದಿನದ ಚಿತ್ರಗಳ ಒಂದು ಪಕ್ಕ ಹಸಿರಾಯಿತು, ಅದನ್ನು ಬಿಡಿಸಿ ಹೇಳುವುದು ಬೇಡ.

3. ಮೂರ್ತಿಯವರ ಕನ್ನಡಿ ನಮ್ಮ ಬೀರುವಿನಲ್ಲಿರಲಿಲ್ಲ

ಮೈಸೂರಿನ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರು 1959ರ ಹಿಂದಿ ಸಿನಿಮಾ 'ಕಾಗಜ್ ಕೆ ಫೂಲ್'ಗೆ ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನು ಸ್ಟುಡಿಯೋ ಒಳಗೆ ತಂದು, ಕತ್ತಲಲ್ಲಿ ಬೆಳಕಿನ ಕೋಲನ್ನೇ ನಿಲ್ಲಿಸಿದವರು. ನಾನೂ ಬೀರುವಿನ ಕನ್ನಡಿ ಬಾಗಿಲು ಕಳಚಿ ಅಂಗಳಕ್ಕೆ ಹೊತ್ತುಕೊಂಡು ಹೋದೆ. ಬಿಸಿಲು ಒಳಗೇನೋ ಬಂತು, ಕೋಲು ಕಾಣಲಿಲ್ಲ. ಗಾಳಿಯಲ್ಲಿ ಧೂಳೋ ಹೊಗೆಯೋ ಇರದೆ ಬೆಳಕಿನ ದಾರಿ ಕಣ್ಣಿಗೆ ಬೀಳದು ಎಂದು ಆಗ ಹೊಳೆಯಿತು. ಸಾಂಬ್ರಾಣಿ ಹಾಕಿದೆ. ಹೊಗೆ ಅಡುಗೆಮನೆಗೆ ನುಗ್ಗಿತು, ಅಮ್ಮ ಕೆಮ್ಮುತ್ತ ಹಿತ್ತಲಿಗೆ ಓಡಿದಳು. ಅಷ್ಟರಲ್ಲಿ ಸೂರ್ಯ ಸರಿದು ಕೋಲು ಗೋಡೆ ಹತ್ತಿತ್ತು; ಮತ್ತೆ ಕನ್ನಡಿ ತಿರುಗಿಸು, ಮತ್ತೆ ಸಾಂಬ್ರಾಣಿ. ಸಂಜೆಯ ಹೊತ್ತಿಗೆ ಒಂದು ಚಿತ್ರ ಸಿಕ್ಕಿತು. ಹೆಮ್ಮೆಯಿಂದ ವಾರಪತ್ರಿಕೆಯಲ್ಲಿ ಪುಟ ಕಟ್ಟುವ ಗೆಳೆಯನಿಗೆ ಕಳಿಸಿದೆ. "ಮಾರಾಯ, ಚೆನ್ನಾಗಿದೆ. ನನ್ನ ಹೆಡ್ಡಿಂಗ್ ಎಲ್ಲಿ ಕೂರಬೇಕು?" ಅಂದ.

4. ಹೆಡ್ಡಿಂಗಿಗೆ ಜಾಗ, ಒತ್ತಕ್ಷರಕ್ಕೆ ಇನ್ನಷ್ಟು ಜಾಗ

ಆ ಪ್ರಶ್ನೆಯ ಮುಂದೆ ನನ್ನ ಹಳೆಯ ಚಿತ್ರಗಳೆಲ್ಲ ಸೋತವು. ಚೊಂಬು, ಲಾಟೀನು, ಒಣಗಿದ ಹೂವು, ಅಜ್ಜನ ಕನ್ನಡಕ, ಸಿಕ್ಕಿದ್ದನ್ನೆಲ್ಲ ಸಂತೆಯಂತೆ ಹರವಿದ್ದೆ. ಗೆಳೆಯ ತನ್ನ ಪರದೆಯ ಮುಂದೆ ಕೂರಿಸಿಕೊಂಡು 'ಸ್ವಾತಂತ್ರ್ಯ' ಎಂದು ಟೈಪಿಸಿ ತೋರಿಸಿದ. ಒತ್ತುಗಳು ಸಾಲಿನ ಕೆಳಗೆ ಜೋತುಬಿದ್ದಿದ್ದವು. ಇಂಗ್ಲಿಷ್ ಸಾಲಿಗೆ ಸಾಲುವ ಪಟ್ಟಿ ಕನ್ನಡಕ್ಕೆ ಸಾಲದು, ಮೇಲೆ ಗುಡಿಸು, ಕೆಳಗೆ ಒತ್ತು, ಎರಡಕ್ಕೂ ಉಸಿರಾಡಲು ಎಡೆ ಬೇಕು. ಎರಡು ಪುಟಕ್ಕೆ ಹರಡುವ ಚಿತ್ರದಲ್ಲಿ ನಟ್ಟನಡುವೆ ಇಟ್ಟದ್ದು ಮಡಿಕೆಯಲ್ಲಿ ಮುಳುಗುತ್ತದೆ ಎನ್ನುವುದನ್ನೂ ಅವನೇ ಹೇಳಿಕೊಟ್ಟ. ಅಂದಿನಿಂದ ವಸ್ತುವನ್ನು ಒಂದು ಪಕ್ಕಕ್ಕೆ ಸರಿಸಿ, ಉಳಿದ ಕತ್ತಲನ್ನು ಅವನಿಗೇ ಬಿಟ್ಟಿದ್ದೇನೆ. ನನ್ನ ಕೈ ಈಗಲೂ ಅಲ್ಲೊಂದು ಹೂವು ಇಡಲು ತವಕಿಸುತ್ತದೆ.

5. 'ಎಡಿಟೋರಿಯಲ್' ಅನ್ನುವುದಕ್ಕೆ ಅರ್ಥ ಎರಡು

ಡಿಸೈನರುಗಳ ಬಾಯಲ್ಲಿ ಅದು ಪತ್ರಿಕೆಯ ಪುಟಕ್ಕೆ ಒಪ್ಪುವ ಶೈಲಿ. ಸ್ಟಾಕ್ ಏಜೆನ್ಸಿಯ ಲೆಕ್ಕದಲ್ಲಿ ಅದು ಪರವಾನಗಿಯ ಬಗೆ: ಸುದ್ದಿ, ಲೇಖನಕ್ಕೆ ಬಳಸಬಹುದು, ಜಾಹೀರಾತಿಗೆ ಕೂಡದು. ನಾನು ಎಲ್ಲಕ್ಕೂ ಎಡಿಟೋರಿಯಲ್ ಎಂದು ಟಿಕ್ ಹಾಕಿ, ಜಾಹೀರಾತಿನವರು ಯಾಕೆ ಬರುವುದಿಲ್ಲ ಎಂದು ಕಾದು ಕೂತಿದ್ದೆ. ಗುರುತು ಸಿಗುವ ಮುಖವಿದ್ದರೆ ವಾಣಿಜ್ಯ ಬಳಕೆಗೆ ಆ ವ್ಯಕ್ತಿಯ ಸಹಿಯಿರುವ ಒಪ್ಪಿಗೆ ಪತ್ರ, ಮಾಡೆಲ್ ರಿಲೀಸ್, ಬೇಕು. ಕಿಟಕಿ ಪಕ್ಕ ಕೂತ ಚಿಕ್ಕಮ್ಮನ ಮುಂದೆ ಕಾಗದ ಹಿಡಿದರೆ, "ತೋಟ ಬರೆಸಿಕೊಳ್ತಿದ್ದೀಯೇನೋ?" ಎಂದಳು. ಚಿಕ್ಕಪ್ಪ ಎರಡು ಸಲ ಓದಿದ ಮೇಲೆಯೇ ಸಹಿ ಬಿತ್ತು.

6. ಕಾಗದದ ಕಪ್ಪು ಬೇರೆ

ನ್ಯೂಸ್‌ಪ್ರಿಂಟ್ ಶಾಯಿ ಹೀರುತ್ತದೆ, ಅಚ್ಚಿನ ಚುಕ್ಕಿಗಳು ಹಿಗ್ಗುತ್ತವೆ, ನೆರಳು ಕೆಸರಾಗುತ್ತದೆ. ಅಚ್ಚಾದ ನನ್ನ ಮೊದಲ ಚಿತ್ರದಲ್ಲಿ ಚೊಂಬೇ ಇರಲಿಲ್ಲ. ಈಗ ಪರದೆಯ ಹೊಳಪು ಇಳಿಸಿ ಎಡಿಟ್ ಮಾಡುತ್ತೇನೆ, ನೆರಳಿನಲ್ಲಿ ಸ್ವಲ್ಪ ವಿವರ ಉಳಿಸುತ್ತೇನೆ.

7. ಯಾವುದು ಮಾರಾಟವಾಗುತ್ತದೆಂದು ನನಗೆ ತಿಳಿಯದು

ಚಿತ್ರ ಹುಡುಕಲು ನೆರವಾಗುವ ಕೀವರ್ಡಿನ ಜಾಗದಲ್ಲಿ ಮೌನ, ವಿರಹ, ಶೂನ್ಯ ಎಂದೆಲ್ಲ ಕವಿಯಂತೆ ತುಂಬಿದ್ದೆ. ಹುಡುಕುವವರು ಕಿಟಕಿ, ಮಳೆ, ಮರದ ಮೇಜು ಎಂದೂ ಕೇಳುತ್ತಾರೆ ಎನ್ನುವುದು ತಲೆಗೆ ಹೋಗಲು ಒಂದು ವರ್ಷ ಹಿಡಿಯಿತು. ಸಾಂಬ್ರಾಣಿಯ ಚಿತ್ರ ಇವತ್ತಿಗೂ ಒಂದು ಸಲವೂ ಮಾರಾಟವಾಗಿಲ್ಲ. ಅತಿ ಹೆಚ್ಚು ಮಾರಾಟವಾದದ್ದು, ಚೊಂಬು ಇಡುವ ಮುಂಚೆ ಬೆಳಕು ನೋಡಲೆಂದು ಕ್ಲಿಕ್ಕಿಸಿದ್ದು: ಖಾಲಿ ಮೇಜು, ಹಿಂದೆ ಕಂಬಳಿಯ ಕಪ್ಪು, ಮಾಡಿನ ಗಾಜಿನ ಹೆಂಚಿನಿಂದ ಬಿದ್ದ ಒಂದು ಹಿಡಿ ಬೆಳಕು. ಅಮ್ಮನಿಗೆ ತೋರಿಸಿದೆ. ಫೋನನ್ನು ಕಣ್ಣ ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು.

"ಇದರಲ್ಲಿ ಏನೂ ಇಲ್ಲವಲ್ಲೋ. ಇದಕ್ಕೆ ದುಡ್ಡು ಕೊಟ್ಟರಾ?"