ವಿಕಿರಣ ಚಿಕಿತ್ಸೆಯನ್ನು ನಡುವೆ ನಿಲ್ಲಿಸದಿರಿ



ಬಾಯಿ, ಗಂಟಲು, ಧ್ವನಿಪೆಟ್ಟಿಗೆಗಳ ಕ್ಯಾನ್ಸರಿಗೆ ‘ಕರೆಂಟ್’ ಕೊಡಿಸಿಕೊಳ್ಳುತ್ತಿರುವವರು ಮೂರು ನಾಲ್ಕು ವಾರಗಳಾದ ಮೇಲೆ ನಮ್ಮ ಬಳಿಗೆ ಬರುವುದುಂಟು. “ಬಾಯೆಲ್ಲ ಸುಟ್ಟಂತಾಗಿದೆ ಡಾಕ್ಟರೇ, ಅದನ್ನು ಬಿಟ್ಟು ನಿಮ್ಮ ಔಷಧಿಯನ್ನೇ ತೆಗೆದುಕೊಳ್ಳುತ್ತೇವೆ” ಎನ್ನುತ್ತಾರೆ. ಆಯುರ್ವೇದ ವೈದ್ಯರಾದ ನಾವು ಅವರನ್ನು ಅದೇ ಆಸ್ಪತ್ರೆಗೆ ಮರಳಿ ಕಳುಹಿಸುತ್ತೇವೆ. ಅದಕ್ಕೆ ಕಾರಣವಿದೆ.

ಚಿಕಿತ್ಸೆಯ ಫಲ

ಇದು ವಿದ್ಯುತ್ತಲ್ಲ, ಪ್ರಬಲವಾದ ಕ್ಷ-ಕಿರಣ. ಕ್ಯಾನ್ಸರ್ ಕೋಶಗಳು ವೃದ್ಧಿಯಾಗದಂತೆ ಅವುಗಳ ಡಿಎನ್‌ಎಯನ್ನು ಮುರಿಯುತ್ತದೆ. ಸಾಮಾನ್ಯವಾಗಿ ವಾರಕ್ಕೆ 5 ದಿನಗಳಂತೆ 6ರಿಂದ 7 ವಾರ ನಡೆಯುತ್ತದೆ. ಧ್ವನಿತಂತುವಿನ ಕ್ಯಾನ್ಸರ್ ಆರಂಭದಲ್ಲಿಯೇ ಪತ್ತೆಯಾದರೆ ಇದೊಂದರಿಂದಲೇ ಹತ್ತರಲ್ಲಿ ಎಂಟು ಒಂಬತ್ತು ಮಂದಿಗೆ ರೋಗ ಹತೋಟಿಗೆ ಬರುತ್ತದೆ, ಧ್ವನಿಯೂ ಉಳಿಯುತ್ತದೆ. ಬಾಯಿಯ ಕ್ಯಾನ್ಸರಿಗೆ ಬಹುಮಟ್ಟಿಗೆ ಶಸ್ತ್ರಚಿಕಿತ್ಸೆ ಮೊದಲು, ಅಗತ್ಯವಿದ್ದರೆ ಕಿರಣ ಅನಂತರ.

ಆದರೆ ನಡುವೆ ಬಿಟ್ಟರೆ ಅಳಿದುಳಿದ ಕೋಶಗಳು ವೇಗವಾಗಿ ಬೆಳೆಯುತ್ತವೆ. ಒಂದೊಂದು ದಿನದ ವಿಳಂಬಕ್ಕೂ ರೋಗ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ. 1ರಷ್ಟು ತಗ್ಗುತ್ತದೆ.

ಅಡ್ಡಪರಿಣಾಮಗಳು

ಬಾಯಿಹುಣ್ಣು, ನುಂಗುವಾಗ ನೋವು, ರುಚಿ ಕೆಡುವುದು, ಕೊರಳ ಚರ್ಮ ಕಪ್ಪಾಗುವುದು ಎರಡು ಮೂರನೆಯ ವಾರದಲ್ಲಿ ತೋರುತ್ತವೆ. ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಹುಣ್ಣುಗಳು ಮಾಯುತ್ತವೆ. ರುಚಿ ಮರಳಲು ತಿಂಗಳುಗಳೇ ಬೇಕು. ಬಾಯಿ ಒಣಗುವುದು ಬಹುಕಾಲ ಉಳಿಯಬಹುದು. ಐಎಂಆರ್‌ಟಿ ಎಂಬ ನವೀನ ವಿಧಾನವು ಲಾಲಾಗ್ರಂಥಿಗಳನ್ನು ಸಾಧ್ಯವಾದಷ್ಟು ಕಾಯುತ್ತದೆ. 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ಒಂದು ವರ್ಷದ ಬಳಿಕ ಬಾಯಿ ಒಣಗುವ ಗಣನೀಯ ತೊಂದರೆ ಹಳೆಯ ವಿಧಾನದಲ್ಲಿ ಶೇ. 74 ಮಂದಿಗಿದ್ದರೆ, ಐಎಂಆರ್‌ಟಿಯಲ್ಲಿ ಶೇ. 38 ಮಂದಿಗಿತ್ತು. ದವಡೆ ಬಿಗಿಯುವುದು, ಹಲ್ಲು ಹುಳುಕಾಗುವುದು, ಥೈರಾಯ್ಡ್ ಕುಗ್ಗುವುದು ನಿಧಾನವಾಗಿ ಬರುವ ತೊಂದರೆಗಳು.

ಪಾಲಿಸಬೇಕಾದುದು

1. ಚಿಕಿತ್ಸೆಗೆ ಮೊದಲೇ ದಂತವೈದ್ಯರಿಗೆ ತೋರಿಸಿ. ಅನಂತರ ಎಂದಾದರೂ ಹಲ್ಲು ಕೀಳಿಸುವ ಮುನ್ನ ಕಿರಣ ಪಡೆದುದನ್ನು ತಿಳಿಸಿ. ಇಲ್ಲವಾದರೆ ದವಡೆಯ ಮೂಳೆ ಕೊಳೆಯುವ ಅಪಾಯವಿದೆ.

2. ಉಪ್ಪು, ಅಡುಗೆ ಸೋಡಾ ಬೆರೆಸಿದ ಉಗುರುಬೆಚ್ಚಗಿನ ನೀರಿನಿಂದ ದಿನಕ್ಕೆ ಹಲವು ಬಾರಿ ಬಾಯಿ ಮುಕ್ಕಳಿಸಿ. ಮೆತ್ತಗಿನ ರಾಗಿ ಗಂಜಿ, ಹಾಲು, ಬೇಳೆಯ ಕಟ್ಟು ಸೇವಿಸಿ. ಖಾರ, ಹುಳಿ ಬೇಡ. ನೋವು ತಾಳಲಾಗದಿದ್ದರೆ ಔಷಧವಿದೆ, ನುಂಗಲಾಗದಿದ್ದರೆ ಮೂಗಿನ ನಳಿಕೆಯಿದೆ. ಕೇಳಲು ಸಂಕೋಚ ಬೇಡ.

3. ಯಷ್ಟಿಮಧುವಿನಂಥ ಔಷಧಿಯನ್ನೂ ಆ ವೈದ್ಯರ ಒಪ್ಪಿಗೆಯಿಂದಲೇ ಬಳಸಿ. ಹೆಚ್ಚಾದರೆ ಅದು ರಕ್ತದೊತ್ತಡವನ್ನು ಏರಿಸುತ್ತದೆ. ಜೊತೆಯಲ್ಲಿ ಕೊಡುವ ಸಿಸ್‌ಪ್ಲಾಟಿನ್ ಮೂತ್ರಪಿಂಡಕ್ಕೆ ಭಾರವಾದುದರಿಂದ ಭಸ್ಮಗಳು ಬೇಡ. ಕೊರಳಿಗೆ ಲೇಪಗಳನ್ನು ಹಚ್ಚಬೇಡಿ.

4. ಕಿರಣ ನೀಡುವಾಗ ಕೊರಳಿನ ಕರಡಿಗೆಯನ್ನು ತೆಗೆಯಬೇಕಾಗುತ್ತದೆ. ಇಷ್ಟಲಿಂಗವನ್ನು ತೋಳಿಗೆ ಕಟ್ಟಿಕೊಳ್ಳಬಹುದೇ ಎಂದು ಸಿಬ್ಬಂದಿಯನ್ನು ಮೊದಲೇ ವಿಚಾರಿಸಿ. ಇದಕ್ಕಾಗಿ ಚಿಕಿತ್ಸೆ ತಪ್ಪಿಸುವುದು ಸಲ್ಲದು.

5. ತಂಬಾಕು, ಗುಟ್ಕಾ, ಅಡಿಕೆಗಳನ್ನು ಶಾಶ್ವತವಾಗಿ ತ್ಯಜಿಸಿ.

ಕಾಯವಿದ್ದರೆ ಕಾಯಕ. ಆರಂಭಿಸಿದ ಚಿಕಿತ್ಸೆಯನ್ನು ಪೂರೈಸುವುದೂ ಒಂದು ವ್ರತವೆಂದು ತಿಳಿಯೋಣ. ಮನೆಯವರು ರೋಗಿಯ ಜೊತೆಗಿದ್ದು ಅದನ್ನು ನಡೆಸಿಕೊಡಲಿ.