ಮಣಿಕಟ್ಟಿನ ಎಂಟು ಮೂಳೆಗಳು

ಪ್ರಥಮ ಪಿಯು ಜೀವಶಾಸ್ತ್ರದಲ್ಲಿ ಮಣಿಕಟ್ಟಿಗೆ ಸಿಗುವುದು ಒಂದು ಸಂಖ್ಯೆ ಮಾತ್ರ: ಕಾರ್ಪಲ್ ಮೂಳೆಗಳು 8. ತೋಳಿನಲ್ಲಿ 1, ಮುಂಗೈಯಲ್ಲಿ 2, ಮಣಿಕಟ್ಟಿನಲ್ಲಿ 8, ಅಂಗೈಯಲ್ಲಿ 5, ಬೆರಳುಗಳಲ್ಲಿ 14, ಒಟ್ಟು 30. ನೀಟ್‌ಗೆ ಈ ಲೆಕ್ಕ ಹೆಚ್ಚೂಕಡಿಮೆ ಸಾಕು. ನಾನು ನಮ್ಮ ಕಾಲೇಜು ಮುಗಿಸಿ ಫಿಸಿಯೋಥೆರಪಿ ಸೇರಿದ ಮೇಲೆ ಆ ಎಂಟಕ್ಕೂ ಹೆಸರು ಕಲಿಯಬೇಕಾಯಿತು. ವೈವಾದಲ್ಲಿ ಕೈಯ ಅಸ್ಥಿಪಂಜರದ ಒಂದು ಮೂಳೆ ತೋರಿಸಿ "ಇದು ಯಾವುದು?" ಎನ್ನುತ್ತಾರೆ.

ಇದಕ್ಕೊಂದು ಇಂಗ್ಲಿಷ್ ಸೂತ್ರವಾಕ್ಯ ಎಲ್ಲರ ಬಾಯಲ್ಲೂ ಇದೆ. ನನಗದು ಅಷ್ಟಾಗಿ ಹಿಡಿಸಲಿಲ್ಲ. ಅದರಲ್ಲಿ 'ಟಿ' ಅಕ್ಷರ ಮೂರು ಸಲ ಬರುತ್ತದೆ. ಯಾವ ಟಿ ಯಾವ ಮೂಳೆಗೆ ಎಂಬುದನ್ನು ಮತ್ತೆ ಬಾಯಿಪಾಠ ಮಾಡಬೇಕು! ಅದಕ್ಕಿಂತ ಹೆಸರಿನ ಅರ್ಥ ಹಿಡಿದುಕೊಳ್ಳಿ. ಅಂಗೈ ಮುಂದಕ್ಕೆ ಮಾಡಿ ಹೆಬ್ಬೆರಳಿನ ಕಡೆಯಿಂದ ಕಿರುಬೆರಳಿನ ಕಡೆಗೆ ಹೋಗಿ. ಮುಂಗೈಗೆ ತಾಗಿದ ಸಾಲಿನಲ್ಲಿ ಸ್ಕ್ಯಾಫಾಯ್ಡ್ ಎಂದರೆ ದೋಣಿ, ಲ್ಯೂನೇಟ್ ಅರ್ಧಚಂದ್ರ, ಟ್ರೈಕ್ವೆಟ್ರಮ್ ಮೂರು ಮೂಲೆಯದು, ಪಿಸಿಫಾರ್ಮ್ ಬಟಾಣಿ. ಬೆರಳುಗಳ ಕಡೆಯ ಸಾಲಿನಲ್ಲಿ ಟ್ರಪೀಜಿಯಂ, ಟ್ರಪೀಜಾಯ್ಡ್, ತಲೆಯಂಥ ಕ್ಯಾಪಿಟೇಟ್ (ಎಂಟರಲ್ಲಿ ದೊಡ್ಡದು ಇದೇ), ಕೊಕ್ಕೆಯಿರುವ ಹ್ಯಾಮೇಟ್. ಟ್ರಪೀಜಿಯಂ ನಿಮಗೆ ಆಗಲೇ ಗೊತ್ತು. ಹೆಬ್ಬೆರಳಿನ ಬುಡದಲ್ಲಿ ಜೀನು ಕೀಲು ಇದೆ ಎಂದು ಓದಿದ್ದೀರಲ್ಲ, ಆ ಕೀಲಿನ ಕಾರ್ಪಲ್ ಅದೇ.

ಈಗ ಪುಸ್ತಕ ಮುಚ್ಚಿ ನಿಮ್ಮ ಕೈಯನ್ನೇ ಮುಟ್ಟಿ. ಮಣಿಕಟ್ಟನ್ನು ಸಡಿಲ ಬಿಟ್ಟು, ಅಂಗೈ ಬುಡದಲ್ಲಿ ಕಿರುಬೆರಳಿನ ಕಡೆ ಒತ್ತಿದರೆ ಬಟಾಣಿ ಸ್ವಲ್ಪ ಅತ್ತಿತ್ತ ಸರಿಯುತ್ತದೆ. ಹೆಬ್ಬೆರಳನ್ನು ಚೆನ್ನಾಗಿ ಹೊರಕ್ಕೆ ಚಾಚಿ. ಅದರ ಬುಡದಲ್ಲಿ ಎರಡು ಸ್ನಾಯುರಜ್ಜುಗಳು ಎದ್ದು ನಡುವೆ ಒಂದು ಗುಳಿ ಬೀಳುತ್ತದೆ. ಹಿಂದಿನವರು ನಶ್ಯವನ್ನು ಅಲ್ಲಿಟ್ಟು ಸೇದುತ್ತಿದ್ದರಂತೆ, ಅಂಗರಚನಾಶಾಸ್ತ್ರದಲ್ಲಿ ಅದರ ಹೆಸರೇ ನಶ್ಯದ ಡಬ್ಬಿ. ಅದರ ತಳದಲ್ಲಿರುವುದೇ ದೋಣಿ. ಮೆಲ್ಲಗೆ ಬೆರಳಿಟ್ಟರೆ ರೇಡಿಯಲ್ ಅಪಧಮನಿಯ ಮಿಡಿತವೂ ಸಿಗುತ್ತದೆ.

ಈ ಗುಳಿಯ ಬೆಲೆ ನನಗೆ ತಿಳಿದದ್ದು ಆಸ್ಪತ್ರೆಯ ಪೋಸ್ಟಿಂಗ್‌ನಲ್ಲಿ. ಬೈಕಿನಿಂದ ಬಿದ್ದು ಅಂಗೈ ಊರಿದ್ದ ಹುಡುಗನೊಬ್ಬ ಬಂದಿದ್ದ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಅವನು ಮನೆಗೆ ಹೊರಟೇಬಿಟ್ಟಿದ್ದ. ಡಾಕ್ಟರ್ ಆ ಗುಳಿಯನ್ನು ಒತ್ತಿದರು, ಅವನು ಕೈ ಕಿತ್ತುಕೊಂಡ. ದೋಣಿ ಮೂಳೆಯ ಸೀಳು ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಹಾಗಾಗಿ ಮಣಿಕಟ್ಟು ಅಲುಗದಂತೆ ಕಟ್ಟಿ, 10–14 ದಿನ ಬಿಟ್ಟು ಮತ್ತೆ ಚಿತ್ರ ತೆಗೆಯುತ್ತಾರೆ. ಈ ಮೂಳೆಗೆ ಹೆಚ್ಚಿನ ರಕ್ತ ಬೆರಳುಗಳ ಕಡೆಯ ತುದಿಯಿಂದ ಒಳಹೊಕ್ಕು ಹಿಂದಕ್ಕೆ ಹರಿಯುತ್ತದೆ. ನಡುವೆ ಮುರಿದರೆ ಮುಂಗೈ ಕಡೆಯ ತುಂಡಿಗೆ ರಕ್ತ ಸಿಗದೆ ಅದು ಸತ್ತೇ ಹೋಗಬಹುದು.

ಗೆಳೆಯರ ಕೈ ಹಿಡಿದು ಅಭ್ಯಾಸ ಮಾಡುವವರಿಗೆ ಒಂದು ಮಾತು: ಅಲ್ಲಿ ಗಟ್ಟಿಯಾಗಿ ಒತ್ತಿದರೆ ಏನೂ ಆಗದವರಿಗೂ ಸ್ವಲ್ಪ ನೋಯುತ್ತದೆ. ಅದಕ್ಕೇ ಯಾವಾಗಲೂ ಇನ್ನೊಂದು ಕೈಯನ್ನೂ ಒತ್ತಿ ಹೋಲಿಸಿ ನೋಡುತ್ತಾರೆ.